ಅಟ್ಟದ ಮೇಲಿನ ಡಾಸ್ ಕಂಪ್ಯೂಟರನ್ನು ಮಾತನಾಡಿಸುವುದು ಹೇಗೆ? ಡಿಬಗ್ ಬಳಕೆಗೊಂದು ಕೈಪಿಡಿ

ಕೊಡಗಿನ ತೋಟದ ಮನೆಗಳ ಅಟ್ಟದಲ್ಲಿ, ಪಲ್ಪರ್ ಹೌಸಿನ ಮೂಲೆಯಲ್ಲಿ, ರೈಟರ್ ಕೂರುತ್ತಿದ್ದ ಕೋಣೆಯ ಕಪಾಟಿನ ಮೇಲೆ, ಆದೇಶಗಳನ್ನು ಟೈಪ್ ಮಾಡಿ ನಡೆಸುತ್ತಿದ್ದ ಡಾಸ್ ಕಾಲದ ಕಂಪ್ಯೂಟರುಗಳು ಇನ್ನೂ ಅಲ್ಲಲ್ಲಿ ಸಿಗುತ್ತವೆ. ಜೊತೆಗೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಫ್ಲಾಪಿ. ಕಾಫಿ ಮಂಡಳಿಯೇ ಕಾಫಿಯನ್ನು ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್ ಪದ್ಧತಿ ಮುಗಿದು ಮಾರಾಟ ಮುಕ್ತವಾದ 1990ರ ದಶಕದ ಚೆಕ್‌ರೋಲ್ (ಕೆಲಸಗಾರರ ಹಾಜರಿ ಪಟ್ಟಿ), ಕೊಯ್ಲಿನ ಲೆಕ್ಕ, ಇಂಚು ಮತ್ತು ಸೆಂಟುಗಳಲ್ಲಿ ಬರೆದಿಟ್ಟ ಮಳೆಯ ದಾಖಲೆ, ಏನು ಬೇಕಾದರೂ ಅದರಲ್ಲಿರಬಹುದು. ಗುಜರಿಯವರಿಗೆ ತೂಕಕ್ಕೆ ಹಾಕುವ ಮೊದಲು ಆ ಯಂತ್ರವನ್ನೇ ಒಮ್ಮೆ ವಿಚಾರಿಸಿ ನೋಡಬಹುದು. ಅದಕ್ಕೆ ಬೇಕಾದ ಸಾಧನ ಅದರೊಳಗೇ ಇದೆ. ಮೆಮೊರಿ ಮತ್ತು ಡಿಸ್ಕಿನಲ್ಲಿರುವುದನ್ನು ನೇರವಾಗಿ ನೋಡಲು, ತಿದ್ದಲು ಬಳಸುವ ಆ ಪುಟ್ಟ ಪ್ರೋಗ್ರಾಮಿನ ಹೆಸರು ಡಿಬಗ್.

1980ರಲ್ಲಿ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಕಂಪನಿಯಲ್ಲಿದ್ದ ಟಿಮ್ ಪ್ಯಾಟರ್ಸನ್ ಬರೆದ 86-ಡಾಸ್ ಎಂಬ ವ್ಯವಸ್ಥೆಯೇ ಮುಂದೆ ಮೈಕ್ರೋಸಾಫ್ಟಿನ ಡಾಸ್ ಆಯಿತು. ಡಿಬಗ್ ಅದರ ಜೊತೆಯಲ್ಲೇ ಬಂತು. 1981ರ ಮೊದಲ ಐಬಿಎಂ ಪಿಸಿಯ ಡಾಸ್ ಡಿಸ್ಕಿನಲ್ಲಿಯೂ ಅದು ಇತ್ತು, 32 ಬಿಟ್ ವಿಂಡೋಸ್ ಇರುವ ತನಕವೂ ಉಳಿಯಿತು. 64 ಬಿಟ್ ವಿಂಡೋಸಿನಲ್ಲಿ ಮಾತ್ರ ಇಲ್ಲ. ಕಡತ ತೀರ ಚಿಕ್ಕದು, ಮೌಸ್ ಬೇಡ, ಇಂಟರ್‌ನೆಟ್ ಬೇಡ. ಜುಲೈ ತಿಂಗಳಲ್ಲಿ ಭಾಗಮಂಡಲದ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವುದನ್ನು ಕಂಡವರಿಗೆ ಈ ಗುಣದ ಬೆಲೆ ಗೊತ್ತು.

ಬರಹದ ಕ್ರಮದ ಬಗ್ಗೆ ಒಂದು ಮಾತು. ಇಲ್ಲಿ ಆದೇಶಗಳ ಅಕ್ಷರಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ‘ಡಿ’ ಎಂದರೆ ಕೀಬೋರ್ಡಿನ ಡಿ ಕೀಲಿ, ‘ಎಲ್’ ಎಂದರೆ ಎಲ್ ಕೀಲಿ. ದೊಡ್ಡಕ್ಷರ, ಸಣ್ಣಕ್ಷರ ಯಾವುದಾದರೂ ಆಗುತ್ತದೆ. ಅಕ್ಷರ ಮತ್ತು ಸಂಖ್ಯೆಗಳ ನಡುವೆ ತೋರಿಸಿದಲ್ಲಿ ಜಾಗ ಬಿಡಿ. ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತಬೇಕು.

ಸ್ವಿಚ್ ಹಾಕುವ ಮೊದಲು

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಅಟ್ಟದಿಂದ ಇಳಿಸಿದ ಪೆಟ್ಟಿಗೆಯೊಳಗೆ ತೇವ ಇದ್ದೇ ಇರುತ್ತದೆ. ಹುತ್ತರಿಯ ಹೊತ್ತಿಗೆ ಗಾಳಿ ಒಣಗುತ್ತದೆ, ಆಗ ಮುಚ್ಚಳ ಬಿಚ್ಚಿ ಕೆಲವು ದಿನ ಬೆಚ್ಚಗಿನ ಕೋಣೆಯಲ್ಲಿಡಿ. ನೇರ ಬಿಸಿಲು ಬೇಡ.

ಮುಚ್ಚಳ ತೆಗೆದಾಗ ಮೊದಲು ನೋಡಬೇಕಾದ್ದು ಮದರ್‌ಬೋರ್ಡಿನ ಬ್ಯಾಟರಿ. 286, 386, 486 ಯಂತ್ರಗಳಲ್ಲಿ ಬಹಳಷ್ಟಕ್ಕೆ ಪುಟ್ಟ ಪೀಪಾಯಿಯಂಥ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಾರೆ. ವರ್ಷಗಳು ಕಳೆದಂತೆ ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ, ಬಿಳಿ ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಪೂರ್ತಿ ಒಣಗಿಸಿ. ಹುಳಿ ತಾನೇ ಎಂದು ಕಾಚಂಪುಳಿ ಹಚ್ಚುವ ಪ್ರಯೋಗ ಬೇಡ, ಅದು ಪಂದಿ ಕರಿಗೇ ಇರಲಿ. ಪವರ್ ಸಪ್ಲೈಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ. ಮೊದಲ ಸಲ ಚಾಲೂ ಮಾಡುವಾಗ ಸ್ಟೆಬಿಲೈಸರ್ ಅಥವಾ ಯುಪಿಎಸ್ ಇರಲೇಬೇಕು.

ಫ್ಲಾಪಿಗಳದ್ದು ಬೇರೆಯೇ ಕಥೆ. ಲೋಹದ ಕದವನ್ನು ಸರಿಸಿ, ಒಳಗಿನ ಕಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಬೂದು ಚುಕ್ಕೆ, ಜೇಡರ ಬಲೆಯಂಥ ಗುರುತು ಕಂಡರೆ ಅದು ಬೂಷ್ಟು. ಅಂಥ ಫ್ಲಾಪಿಯನ್ನು ಹಾಗೇ ಡ್ರೈವಿಗೆ ಹಾಕಿದರೆ ಡ್ರೈವಿನ ಹೆಡ್ ಕೊಳಕಾಗುತ್ತದೆ, ಆ ಹೆಡ್ ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಬೂಷ್ಟಿನವನ್ನು ಬೇರೆ ಇಡಿ. ಉಳಿದವುಗಳ ಮೂಲೆಯ ಪ್ಲಾಸ್ಟಿಕ್ ಗುಂಡಿಯನ್ನು ಸರಿಸಿ ಕಿಂಡಿ ತೆರೆದಿರುವಂತೆ ಮಾಡಿ. ಮೂರೂವರೆ ಇಂಚಿನ ಫ್ಲಾಪಿಯಲ್ಲಿ ಕಿಂಡಿ ತೆರೆದಿದ್ದರೆ ಯಂತ್ರ ಅದರ ಮೇಲೆ ಬರೆಯಲಾರದು. ಐದೂಕಾಲು ಇಂಚಿನದಾದರೆ ತಿರುಗುಮುರುಗು: ಅಂಚಿನ ಕಚ್ಚನ್ನು ಟೇಪಿನಿಂದ ಮುಚ್ಚಬೇಕು.

ಓದುವುದು ಬೇರೆ, ಬರೆಯುವುದು ಬೇರೆ

ಯಂತ್ರ ಚಾಲೂ ಆಗಿ ಡಾಸಿನ ಸಾಲು ಬಂದರೆ ‘ಡಿಬಗ್’ ಎಂದು ಟೈಪ್ ಮಾಡಿ. ಸಿಗದಿದ್ದರೆ ಡಾಸ್ ಎಂಬ ಡೈರೆಕ್ಟರಿಗೆ ಹೋಗಿ ಪ್ರಯತ್ನಿಸಿ. ಬೇರೆ ಆವೃತ್ತಿಯ ಡಾಸಿನಿಂದ ತಂದ ಡಿಬಗ್, ಆವೃತ್ತಿ ಸರಿಯಿಲ್ಲವೆಂದು ತಕರಾರು ಮಾಡಬಹುದು. ಪರದೆಯ ಎಡಗಡೆ ಬರೀ ಒಂದು ಅಡ್ಡಗೆರೆ ಬಂದು ನಿಂತರೆ ಒಳಗೆ ಬಂದಿರಿ ಎಂದೇ ಅರ್ಥ. ಸ್ವಾಗತದ ಮಾತಿಲ್ಲ, ಸಹಾಯದ ಪಟ್ಟಿ ಇಲ್ಲ. ಡಾಸ್ 5ರಿಂದ ಈಚಿನದಾದರೆ ಪ್ರಶ್ನಾರ್ಥಕ ಚಿಹ್ನೆ ಒತ್ತಿದಾಗ ಆದೇಶಗಳ ಪಟ್ಟಿ ಬರುತ್ತದೆ. ಹೊರಬರಲು ‘ಕ್ಯೂ’.

ಡಿಬಗ್‌ಗೆ ಕಾವಲುಗಾರ ಇಲ್ಲ. “ಖಚಿತವೇ?” ಎಂದು ಅದು ಕೇಳುವುದಿಲ್ಲ. ಆದ್ದರಿಂದ ಆದೇಶಗಳನ್ನು ಮನಸ್ಸಿನಲ್ಲಿ ಎರಡು ಗುಂಪು ಮಾಡಿಕೊಳ್ಳಿ. ‘ಡಿ’ ಮೆಮೊರಿಯನ್ನು ತೋರಿಸುತ್ತದೆ, ‘ಯು’ ಮೆಮೊರಿಯಲ್ಲಿರುವುದನ್ನು ಅಸೆಂಬ್ಲಿ ಭಾಷೆಗೆ (ಯಂತ್ರದ ಸಂಕೇತಗಳನ್ನು ಪದಗಳಲ್ಲಿ ಬರೆಯುವ ಭಾಷೆ) ಬಿಡಿಸುತ್ತದೆ, ‘ಎಸ್’ ಹುಡುಕುತ್ತದೆ, ‘ಎಚ್’ ಕೂಡಿ ಕಳೆದು ಹೇಳುತ್ತದೆ, ‘ಎಲ್’ ಡಿಸ್ಕಿನಿಂದ ಮೆಮೊರಿಗೆ ತರುತ್ತದೆ. ಇವುಗಳಿಂದ ನಿಮ್ಮ ದಾಖಲೆಗೆ ತೊಂದರೆಯಿಲ್ಲ. ‘ಇ’, ‘ಎಫ್’, ‘ಎಂ’ ಮೆಮೊರಿಯನ್ನು ಬದಲಿಸುತ್ತವೆ. ತಪ್ಪಿದರೆ ಯಂತ್ರ ನಿಂತುಹೋಗಬಹುದು, ಆದರೆ ಸ್ವಿಚ್ ಆರಿಸಿ ಹಾಕಿದರೆ ಮತ್ತೆ ಮೊದಲಿನಂತಾಗುತ್ತದೆ. ನಿಜವಾಗಿ ಹೆದರಬೇಕಾದ್ದು ಮೂರಕ್ಕೆ. ‘ಡಬ್ಲ್ಯೂ’ ಡಿಸ್ಕಿಗೆ ಬರೆಯುತ್ತದೆ, ‘ಓ’ ನೇರವಾಗಿ ಯಂತ್ರಾಂಶಕ್ಕೆ ಸಂಖ್ಯೆ ಕಳಿಸುತ್ತದೆ, ‘ಜಿ’ ಮೆಮೊರಿಯಲ್ಲಿರುವ ಸಂಕೇತವನ್ನು ಓಡಿಸುತ್ತದೆ.

ಹಳೆಯ ಕೈಪಿಡಿಗಳಲ್ಲಿ ‘ಜಿ=ಸಿ800:5’ ಎಂಬ ಸಾಲು ಕಾಣಬಹುದು. ಎಕ್ಸ್‌ಟಿ ಕಾಲದ ಹಾರ್ಡ್‌ಡಿಸ್ಕ್ ಕಂಟ್ರೋಲರ್ ಕಾರ್ಡಿನ ರಾಮ್‌ನಲ್ಲೇ (ಕರೆಂಟ್ ಹೋದರೂ ಅಳಿಯದ, ಓದಲು ಮಾತ್ರ ಬರುವ ಮೆಮೊರಿಯಲ್ಲೇ) ಅಡಗಿಸಿಟ್ಟಿರುವ ಫಾರ್ಮ್ಯಾಟ್ ಕ್ರಮವಿಧಿಯನ್ನು ಅದು ಎಬ್ಬಿಸುತ್ತದೆ. ಇಡೀ ಡಿಸ್ಕ್ ಬೋಳಾಗುತ್ತದೆ. ಕುತೂಹಲಕ್ಕೂ ಅದನ್ನು ಟೈಪ್ ಮಾಡಬೇಡಿ.

ಡಿಬಗ್‌ನಲ್ಲಿ ಎಲ್ಲ ಸಂಖ್ಯೆಗಳೂ ಹೆಕ್ಸಾಡೆಸಿಮಲ್, ಅಂದರೆ ಹದಿನಾರರ ಲೆಕ್ಕ. 9ರ ನಂತರ ಎ, ಬಿ, ಸಿ, ಡಿ, ಇ, ಎಫ್ ಬಂದು ಆಮೇಲೆ 10. ಆ 10 ನಮ್ಮ ಹದಿನಾರು. ಇನ್ನೊಂದು ವಿಚಿತ್ರ: ಇಂಟೆಲ್ ಪ್ರೊಸೆಸರುಗಳು ಎರಡು ಬೈಟಿನ ಸಂಖ್ಯೆಯನ್ನು ಹಿಂದುಮುಂದಾಗಿ ಇಡುತ್ತವೆ. ‘80 02’ ಎಂದು ಕಂಡದ್ದನ್ನು 0280 ಎಂದು ಓದಬೇಕು.

ಯಂತ್ರದ ಜಾತಕ

ಮೊದಲ ಆದೇಶ ಇದು. ‘ಡಿ’, ಒಂದು ಜಾಗ, ನಾಲ್ಕು ‘ಎಫ್’, ಕೋಲನ್, 5, ಮತ್ತೆ ಜಾಗ, ‘ಎಲ್’, 8 (‘ಡಿ’ ಜೊತೆ ಬರುವ ‘ಎಲ್’ ಆದೇಶವಲ್ಲ, ಎಷ್ಟು ಬೈಟು ಎಂದು ಹೇಳುವ ಗುರುತು):

ಡಿ ಎಫ್‌ಎಫ್‌ಎಫ್‌ಎಫ್:5 ಎಲ್ 8

ಬಲಬದಿಯಲ್ಲಿ ಒಂದು ತಾರೀಖು ಬರುತ್ತದೆ. 07/15/94 ಎಂದಿದ್ದರೆ ಅದು ಅಮೆರಿಕದ ಕ್ರಮ: ತಿಂಗಳು ಮೊದಲು, ದಿನ ಆಮೇಲೆ. ಸ್ವಿಚ್ ಹಾಕಿದಾಗ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ ಬಯಾಸ್; ಅದು ತಯಾರಾದ ದಿನ ಅದು. ಯಂತ್ರ ಯಾವ ವರ್ಷದ್ದು ಎಂದು ಮನೆಯವರಿಗೆ ನೆನಪಿಲ್ಲದಿದ್ದರೂ ಹೆಚ್ಚುಕಡಿಮೆ ಅಂದಾಜು ಸಿಗುತ್ತದೆ.

ಎರಡನೆಯದು:

ಡಿ 40:0 ಎಲ್ 20

ಬಯಾಸ್ ತನ್ನ ಟಿಪ್ಪಣಿಗಳನ್ನು ಬರೆದುಕೊಳ್ಳುವ ಜಾಗ ಇದು. ಸಾಲಿನ ಎಡಕ್ಕೆ ವಿಳಾಸ, ನಡುವೆ ಹದಿನಾರು ಬೈಟು, ಎಂಟನೆಯದರ ನಂತರ ಒಂದು ಅಡ್ಡಗೆರೆ. ಮೊದಲ ಎರಡು ಬೈಟು ‘ಎಫ್8 03’ ಆಗಿದ್ದರೆ ಮೊದಲ ಸೀರಿಯಲ್ ಪೋರ್ಟ್ ಇದೆ, ಅದರ ವಿಳಾಸ 3ಎಫ್8. ಅಡ್ಡಗೆರೆಯ ಆಚೆಗೆ ಮೊದಲಿಗೇ ‘78 03’ ಇದ್ದರೆ ಪ್ರಿಂಟರ್ ಪೋರ್ಟ್ 378ರಲ್ಲಿದೆ. ಎರಡೂ ಕಡೆ ‘00 00’ ಕಂಡರೆ ಬಯಾಸಿಗೆ ಆ ಪೋರ್ಟುಗಳೇ ಕಾಣುತ್ತಿಲ್ಲ. ಕಾರ್ಡ್ ಸಡಿಲಾಗಿದೆಯೋ ಸತ್ತಿದೆಯೋ ನೋಡಿ. ಎರಡನೇ ಸಾಲಿನ ನಾಲ್ಕನೇ ಮತ್ತು ಐದನೇ ಬೈಟು ಸಾಮಾನ್ಯವಾಗಿ ‘80 02’ ಇರುತ್ತದೆ. 0280 ಎಂದರೆ 640, ಅದು ಕಿಲೋಬೈಟಿನಲ್ಲಿ ಮೂಲ ಮೆಮೊರಿ. ಕಡಿಮೆ ಬಂದರೆ ಮೆಮೊರಿ ಚಿಪ್ಪುಗಳ ಕಾಲಿಗೆ ತುಕ್ಕು ಹಿಡಿದಿರಬಹುದು. ಕೆಲವು ಯಂತ್ರಗಳಲ್ಲಿ ಬಯಾಸ್ ತನಗೆಂದು ಒಂದು ಕಿಲೋಬೈಟು ಇಟ್ಟುಕೊಂಡು 639 ತೋರಿಸುವುದೂ ಉಂಟು. ಅದು ದೋಷವಲ್ಲ.

ಕೀಬೋರ್ಡಿನ ಪರೀಕ್ಷೆ ಸುಲಭ. ‘ಡಿ 40:17 ಎಲ್ 1’ ಕೊಡಿ. ಕ್ಯಾಪ್ಸ್ ಲಾಕ್ ಹಾಕಿ ಮತ್ತೆ ಅದನ್ನೇ ಕೊಡಿ. ಎರಡನೇ ಸಲದ ಸಂಖ್ಯೆ ಮೊದಲಿನದಕ್ಕಿಂತ 40 ಹೆಚ್ಚಾಗಿರಬೇಕು. ನಮ್‌ಲಾಕಿಗೆ ಅದೇ ರೀತಿ 20. ‘ಡಿ 40:6ಸಿ ಎಲ್ 4’ ಎಂದು ಎರಡು ಸಲ ಕೊಟ್ಟರೆ ಸಂಖ್ಯೆ ಬದಲಾಗುತ್ತಿರುತ್ತದೆ. ಸೆಕೆಂಡಿಗೆ ಸುಮಾರು 18.2 ಬಾರಿ ಬಡಿಯುವ ಗಡಿಯಾರದ ಎಣಿಕೆ ಅದು.

ಪ್ರಿಂಟರಿಗೆ ‘ಐ 379’. ಇದು ಪ್ರಿಂಟರಿನ ಸ್ಥಿತಿಯನ್ನು ಓದುವ ಆದೇಶ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಚಾಲೂ ಇದ್ದು ಕಾಗದವಿರುವಾಗ ಒಮ್ಮೆ, ಕಾಗದ ತೆಗೆದು ಒಮ್ಮೆ ಕೊಟ್ಟು ನೋಡಿ. ಸಂಖ್ಯೆ ಬದಲಾದರೆ ಕೇಬಲ್ ಜೀವಂತವಾಗಿದೆ. ಅಲುಗಾಡದಿದ್ದರೆ ಮೊದಲು ಕೇಬಲನ್ನೇ ಸಂಶಯಿಸಿ, ಪ್ರಿಂಟರನ್ನಲ್ಲ. ಇಲಿಗಳಿಗೆ ಆ ಕೇಬಲ್ ಬಹಳ ಇಷ್ಟ.

286 ಮತ್ತು ಆಮೇಲಿನ ಯಂತ್ರಗಳಲ್ಲಿ ಬ್ಯಾಟರಿಯ ಸ್ಥಿತಿಯನ್ನೂ ಕೇಳಬಹುದು. ಇಲ್ಲಿ ಒಂದು ಅಪವಾದ ಮಾಡಿ ‘ಓ’ ಬಳಸಬೇಕು. ಯಾವ ಮನೆಯ ಬಾಗಿಲು ತೆರೆಯಬೇಕೆಂದು ಹೇಳುವುದಕ್ಕಷ್ಟೇ ಅದು:

ಓ 70 ಇ
ಐ 71

ಉತ್ತರ 00 ಬಂದರೆ ಸೀಮಾಸ್ ಮೆಮೊರಿ (ಬ್ಯಾಟರಿಯ ಬಲದಲ್ಲಿ ಯಂತ್ರದ ಹೊಂದಾಣಿಕೆಗಳನ್ನು ನೆನಪಿಡುವ ಮೆಮೊರಿ) ಕ್ಷೇಮ. 80 ಅಥವಾ ಅದಕ್ಕಿಂತ ದೊಡ್ಡದಾದರೆ ಬ್ಯಾಟರಿಯ ವಿದ್ಯುತ್ ಹೋಗಿತ್ತು. 40 ಎಂದರೆ ಮೊತ್ತದ ತಾಳೆ ತಪ್ಪಿದೆ. ಎರಡನೇ ಸಾಲಿನಲ್ಲಿ ‘ಐ’ ಬದಲು ‘ಓ’ ಒತ್ತಿಬಿಡಬೇಡಿ, ಅದೊಂದೇ ಎಚ್ಚರ. ಬ್ಯಾಟರಿ ಸತ್ತ ಯಂತ್ರ ಹಾರ್ಡ್‌ಡಿಸ್ಕನ್ನು ಗುರುತಿಸದೇ ಇದ್ದರೆ ಡಿಸ್ಕ್ ಕೆಟ್ಟಿದೆ ಎಂದು ತೀರ್ಮಾನಿಸುವ ಅಗತ್ಯವಿಲ್ಲ. ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರುಗಳ ಲೆಕ್ಕ ಸೀಮಾಸ್‌ನಿಂದ ಅಳಿದುಹೋಗಿರುತ್ತದೆ, ಅಷ್ಟೇ. ಡಿಸ್ಕಿನ ಮೇಲಿನ ಚೀಟಿಯಲ್ಲಿ ಆ ಸಂಖ್ಯೆಗಳು ಹೆಚ್ಚಾಗಿ ಅಚ್ಚಾಗಿರುತ್ತವೆ. ಬಯಾಸ್ ಸೆಟಪ್‌ನಲ್ಲಿ ಅವನ್ನು ತುಂಬಿದರೆ ಸಾಕು.

ಅಳಿಸಿದ ಫೈಲನ್ನು ಫ್ಲಾಪಿಯಿಂದ ಹೊರತೆಗೆಯುವುದು

ಡಿಬಗ್‌ನ ನಿಜವಾದ ಬೆಲೆ ತಿಳಿಯುವುದು ಇಲ್ಲಿ. 1.44 ಮೆಗಾಬೈಟಿನ ಫ್ಲಾಪಿಯಲ್ಲಿ ಯಾರೋ ‘ರೇನ್94’ ಎಂಬ ಮಳೆ ಲೆಕ್ಕದ ಟೆಕ್ಸ್ಟ್ ಫೈಲನ್ನು ಅಳಿಸಿದ್ದಾರೆ ಎಂದು ಇಟ್ಟುಕೊಳ್ಳೋಣ. ಡಾಸ್ ಫೈಲನ್ನು ಅಳಿಸುವಾಗ ಒಳಗಿನ ಮಾಹಿತಿಯನ್ನು ಮುಟ್ಟುವುದಿಲ್ಲ. ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ‘ಇ5’ ಎಂದು ಬರೆಯುತ್ತದೆ, ಆ ಫೈಲಿನ ಜಾಗಗಳು ಖಾಲಿ ಎಂದು ಹಂಚಿಕೆಯ ಪಟ್ಟಿಯಲ್ಲಿ ಗುರುತು ಹಾಕುತ್ತದೆ. ಹೊಸದೇನನ್ನೂ ಅದರ ಮೇಲೆ ಬರೆಯದಿದ್ದರೆ ಮಾಹಿತಿ ಅಲ್ಲೇ ಇರುತ್ತದೆ. ಡಾಸ್ 5ರಿಂದ ಅನ್‌ಡಿಲೀಟ್ ಎಂಬ ಆದೇಶವಿದೆ ನಿಜ. ಆದರೆ ಅದು ಅದೇ ಫ್ಲಾಪಿಯ ಮೇಲೆ ಬರೆದು ಸರಿಪಡಿಸುತ್ತದೆ. ಮೂವತ್ತು ವರ್ಷದ ಫ್ಲಾಪಿಗೆ ಆ ಶ್ರಮ ಕೊಡುವುದು ನನಗೆ ಒಪ್ಪಿಗೆಯಿಲ್ಲ. ನಾವು ಓದಿಕೊಂಡು ಬೇರೆ ಕಡೆ ಉಳಿಸೋಣ.

ಫ್ಲಾಪಿ ಹಾಕಿ, ಕಿಂಡಿ ತೆರೆದಿದೆಯೇ ಎಂದು ಮತ್ತೊಮ್ಮೆ ನೋಡಿ, ಡಿಬಗ್‌ನಲ್ಲಿ:

ಎಲ್ 100 0 13 1
ಡಿ 100 ಎಲ್ 200

ಮೊದಲ ಸಾಲಿನ ಅರ್ಥ: ಮೆಮೊರಿಯ 100ನೇ ಜಾಗಕ್ಕೆ, 0 ಅಂದರೆ ‘ಎ’ ಡ್ರೈವಿನಿಂದ, ಹೆಕ್ಸ್ 13ನೇ ಸೆಕ್ಟರಿನಿಂದ (ಸೆಕ್ಟರ್ ಎಂದರೆ ಡಿಸ್ಕಿನ 512 ಬೈಟಿನ ಒಂದು ತುಂಡು) ಶುರುಮಾಡಿ, ಒಂದು ಸೆಕ್ಟರ್ ತಾ. 1.44 ಫ್ಲಾಪಿಯ ಮೂಲ ಡೈರೆಕ್ಟರಿ ಇರುವುದು ಅಲ್ಲೇ, ನಮ್ಮ ಲೆಕ್ಕದಲ್ಲಿ 19ನೇ ಸೆಕ್ಟರಿನಿಂದ ಹದಿನಾಲ್ಕು ಸೆಕ್ಟರುಗಳವರೆಗೆ. ಡ್ರೈವಿನ ಸಂಖ್ಯೆಯನ್ನು ಗಟ್ಟಿ ಮಾಡಿಕೊಳ್ಳಿ: 0 ಎಂದರೆ ‘ಎ’, 1 ಎಂದರೆ ‘ಬಿ’, 2 ಎಂದರೆ ‘ಸಿ’.

ಪ್ರತಿ ಫೈಲಿಗೆ ಎರಡು ಸಾಲು. ಮೊದಲ ಸಾಲಿನ ಎಡತುದಿಯಲ್ಲಿ ‘ಇ5’ ಇದ್ದು, ಬಲಬದಿಯಲ್ಲಿ ಮೊದಲಕ್ಷರ ಕಳೆದುಕೊಂಡ ಹೆಸರು ಕಾಣುತ್ತದೆ. ಅದರ ಕೆಳಗಿನ ಸಾಲಿನಲ್ಲಿ ಅಡ್ಡಗೆರೆಯ ನಂತರದ ಎಂಟು ಬೈಟುಗಳನ್ನು ಕಾಗದದಲ್ಲಿ ಬರೆದುಕೊಳ್ಳಿ. ಮೊದಲ ಎರಡು ತಾರೀಖು, ಅವು ಸದ್ಯ ಬೇಡ. ಮುಂದಿನ ಎರಡು ಬೈಟು ಫೈಲು ಶುರುವಾಗುವ ಕ್ಲಸ್ಟರ್, ಅಂದರೆ ಡಾಸ್ ಫೈಲುಗಳಿಗೆ ಜಾಗ ಹಂಚುವ ಅಳತೆ. ಕೊನೆಯ ನಾಲ್ಕು ಅದರ ಗಾತ್ರ. ಉದಾಹರಣೆಗೆ ಕ್ಲಸ್ಟರ್ ‘52 00’, ಗಾತ್ರ ‘40 06 00 00’ ಎಂದಿರಲಿ. ತಿರುಗಿಸಿ ಓದಿದರೆ ಕ್ಲಸ್ಟರ್ 52, ಗಾತ್ರ 640. ಹೆಕ್ಸ್ 640 ಎಂದರೆ ನಮ್ಮ 1600 ಬೈಟು. ಸೆಕ್ಟರಿಗೆ 512 ಬೈಟಿನಂತೆ ನಾಲ್ಕು ಸೆಕ್ಟರ್ ಬೇಕು.

ಈ ಬಗೆಯ ಫ್ಲಾಪಿಯಲ್ಲಿ ಒಂದು ಕ್ಲಸ್ಟರ್ ಎಂದರೆ ಒಂದೇ ಸೆಕ್ಟರ್. ಕ್ಲಸ್ಟರ್ ಸಂಖ್ಯೆಗೆ ಹೆಕ್ಸ್ 1ಎಫ್ ಕೂಡಿಸಿದರೆ ಸೆಕ್ಟರ್ ಸಂಖ್ಯೆ ಸಿಗುತ್ತದೆ. ಬೆರಳೆಣಿಸುವುದು ಬೇಡ, ಡಿಬಗ್ ಕೂಡಿಸಿ ಕೊಡುತ್ತದೆ:

ಎಚ್ 52 1ಎಫ್

ಉತ್ತರವಾಗಿ 0071 ಮತ್ತು 0033 ಬರುತ್ತವೆ. ಮೊದಲನೆಯದು ಮೊತ್ತ, ನಮಗೆ ಬೇಕಾದ್ದು ಅದು. ಎರಡನೆಯದು ವ್ಯತ್ಯಾಸ. ಈಗ:

ಎಲ್ 100 0 71 4
ಡಿ 100 ಎಲ್ 640

ಬಲಬದಿಯಲ್ಲಿ ಜೂನ್, ಜುಲೈ, ಇಂಚುಗಳ ಲೆಕ್ಕ ಕಾಣತೊಡಗಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಕೊನೆಯವರೆಗೂ ಓದಿ. ಅರ್ಧದಲ್ಲಿ ಸಂಬಂಧವಿಲ್ಲದ ಬರಹ ನುಗ್ಗಿದರೆ ಫೈಲು ತುಂಡುತುಂಡಾಗಿ ಹಂಚಿಹೋಗಿತ್ತು ಎಂದರ್ಥ. ಆಗ ಸಿಕ್ಕಷ್ಟನ್ನು ಉಳಿಸಿಕೊಂಡು, ಉಳಿದದ್ದನ್ನು ಮುಂದಿನ ಸೆಕ್ಟರುಗಳಲ್ಲಿ ಒಂದೊಂದಾಗಿ ಹುಡುಕಬೇಕಾಗುತ್ತದೆ.

ಉಳಿಸುವ ಕ್ರಮ (ಬಿಎಕ್ಸ್, ಸಿಎಕ್ಸ್ ಎಂಬುವು ಪ್ರೊಸೆಸರಿನ ಒಳಗಿನ ಖಾನೆಗಳು; ‘ಆರ್’ ಅವುಗಳಲ್ಲಿ ಫೈಲಿನ ಗಾತ್ರ ತುಂಬಲು, ‘ಎನ್’ ಫೈಲಿಗೆ ಹೆಸರು ಕೊಡಲು):

ಆರ್ ಬಿಎಕ್ಸ್
ಕೋಲನ್ ಬಂದಾಗ 0
ಆರ್ ಸಿಎಕ್ಸ್
ಕೋಲನ್ ಬಂದಾಗ 640
ಎನ್ ಸಿ:\ರೇನ್94.ಟಿಎಕ್ಸ್‌ಟಿ
ಡಬ್ಲ್ಯೂ

ಕೊನೆಯ ಸಾಲಿನಲ್ಲಿ ‘ಡಬ್ಲ್ಯೂ’ ಒಂದೇ ಅಕ್ಷರ. ಅದರ ಮುಂದೆ ಸಂಖ್ಯೆಗಳನ್ನು ಹಾಕಿದರೆ ಡಿಬಗ್ ಫೈಲನ್ನು ಬಿಟ್ಟು ನೇರ ಸೆಕ್ಟರಿಗೇ ಬರೆಯುತ್ತದೆ. ‘ಡಬ್ಲ್ಯೂ 100 2 0 1’ ಎಂದರೆ ಹಾರ್ಡ್‌ಡಿಸ್ಕಿನ ಬೂಟ್ ಸೆಕ್ಟರ್ ಹಾಳಾಗಿ ಯಂತ್ರ ಮರುದಿನ ಏಳುವುದಿಲ್ಲ. 00640 ಬೈಟು ಬರೆದೆ ಎಂಬ ಸಂದೇಶ ಬಂದರೆ ‘ಕ್ಯೂ’ ಒತ್ತಿ ಹೊರಬಂದು, ‘ಟೈಪ್’ ಆದೇಶದಿಂದ ಹೊಸ ಫೈಲನ್ನು ತೆರೆದು ನೋಡಿ.

ಬಲಬದಿಯಲ್ಲಿ ಬರೀ ಚುಕ್ಕೆಗಳ ಸಾಲು ಕಂಡ ಮಾತ್ರಕ್ಕೆ ಫೈಲು ಹಾಳಾಗಿದೆ ಎಂದುಕೊಳ್ಳಬೇಡಿ. ಅದು ಕನ್ನಡ ಬರಹವೇ ಇರಬಹುದು. ಆ ಕಾಲದಲ್ಲಿ ಭಾರತೀಯ ಭಾಷೆಗಳಿಗೆಂದು ಸಿ-ಡ್ಯಾಕ್ ಸಂಸ್ಥೆ ಮಾಡಿದ ಜಿಸ್ಟ್ ಕಾರ್ಡ್ ಬಳಸಿದವರು ಇಸ್ಕಿ ಎಂಬ ಅಕ್ಷರ ಸಂಕೇತದಲ್ಲಿ ಬರೆಯುತ್ತಿದ್ದರು, 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಅದರ ಅಕ್ಷರಗಳೆಲ್ಲ ಹೆಕ್ಸ್ ಎ1ರಿಂದ ಮೇಲಿನವು, ಡಿಬಗ್ ಅವನ್ನು ಚುಕ್ಕೆಯಾಗಿಯೇ ತೋರಿಸುತ್ತದೆ. ನಡುವಿನ ಬೈಟುಗಳಲ್ಲಿ ‘ಇ8’ ಪದೇ ಪದೇ ಬರುತ್ತಿದೆಯೇ ಎಂದು ನೋಡಿ. ಇಸ್ಕಿಯಲ್ಲಿ ಅದು ಹಲಂತ, ಒತ್ತಕ್ಷರಗಳಿಂದ ತುಂಬಿದ ಕನ್ನಡದಲ್ಲಿ ಅದು ಸಾಲಿಗೊಮ್ಮೆಯಾದರೂ ಸಿಗುತ್ತದೆ. ಅಂಥ ಫೈಲನ್ನೂ ಮೇಲಿನ ಕ್ರಮದಲ್ಲೇ ಉಳಿಸಿ. ಯೂನಿಕೋಡಿಗೆ ಪರಿವರ್ತಿಸುವ ಕೆಲಸವನ್ನು ಹೊಸ ಕಂಪ್ಯೂಟರಿನಲ್ಲಿ ಮಾಡಿದರಾಯಿತು.

ಅಟ್ಟದ ಯಂತ್ರಕ್ಕೆ ಕೈ ಹಾಕುವ ಮೊದಲು ಅಭ್ಯಾಸ ಬೇಕೆನಿಸಿದರೆ ಲ್ಯಾಪ್‌ಟಾಪಿನ ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ನಡೆಯುವ ಇನ್ನೊಂದು ಕಂಪ್ಯೂಟರ್) ಒಂದರಲ್ಲಿ, ಡಾಸಿನಂತೆಯೇ ಇರುವ ಉಚಿತ ಫ್ರೀಡಾಸ್ ಹಾಕಿಕೊಳ್ಳಿ. ಅದರಲ್ಲೂ ಡಿಬಗ್ ಇದೆ, ಏನು ಹಾಳಾದರೂ ನಷ್ಟವಿಲ್ಲ. ಕೈ ಪಳಗಲು ಒಂದು ಪುಟ್ಟ ಪ್ರೋಗ್ರಾಂ:

ಇ 100 ಬಿ4 02 ಬಿ2 41 ಸಿಡಿ 21 ಸಿಡಿ 20
ಯು 100 ಎಲ್ 8
ಜಿ

ಎರಡನೇ ಸಾಲು ಆ ಎಂಟು ಬೈಟುಗಳನ್ನು ನಾಲ್ಕು ಅಸೆಂಬ್ಲಿ ಸಾಲುಗಳಾಗಿ ಬಿಡಿಸಿ ತೋರಿಸುತ್ತದೆ. ಮೂರನೆಯದು ಓಡಿಸುತ್ತದೆ, ಪರದೆಯ ಮೇಲೆ ಇಂಗ್ಲಿಷಿನ ಮೊದಲ ಅಕ್ಷರ ಮೂಡುತ್ತದೆ. 41ರ ಬದಲು 42 ಹಾಕಿ ಮತ್ತೆ ಓಡಿಸಿ ನೋಡಿ.

ಸಿಕ್ಕಿದ್ದು ಡಾಸ್ ಯಂತ್ರ ಅಲ್ಲದಿದ್ದರೆ

ಆಪಲ್ 2 ಆಗಿದ್ದರೆ ಬೇಸಿಕ್‌ನಲ್ಲಿ ‘ಕಾಲ್ -151’ ಎಂದು ಟೈಪ್ ಮಾಡಿ. ನಕ್ಷತ್ರದ ಗುರುತು ಬರುತ್ತದೆ. ಅದು 1977ರಿಂದಲೂ ರಾಮ್‌ನಲ್ಲೇ ಇರುವ ಮಾನಿಟರ್ (ಪರದೆಯಲ್ಲ, ಡಿಬಗ್‌ನಂಥ ಪ್ರೋಗ್ರಾಂ). ‘300.30ಎಫ್’ ಮೆಮೊರಿ ತೋರಿಸುತ್ತದೆ, ‘300ಎಲ್’ ಅಸೆಂಬ್ಲಿಗೆ ಬಿಡಿಸುತ್ತದೆ, ಡಿಸ್ಕ್ ವ್ಯವಸ್ಥೆ ಇದ್ದರೆ ‘3ಡಿ0ಜಿ’ ಮರಳಿ ಬೇಸಿಕ್‌ಗೆ ಕರೆದೊಯ್ಯುತ್ತದೆ. ಕೊಮೊಡೋರ್ 128ರಲ್ಲಿ ‘ಮಾನಿಟರ್’ ಎಂದು ಬರೆದರೆ ಸಾಕು, ‘ಎಕ್ಸ್’ ಒತ್ತಿದರೆ ಹೊರಗೆ. 1984ರಲ್ಲಿ ಶುರುವಾದ ‘ಕ್ಲಾಸ್’ ಎಂಬ ಕಂಪ್ಯೂಟರ್ ಸಾಕ್ಷರತೆಯ ಯೋಜನೆಯಲ್ಲಿ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಬಂದವಲ್ಲ, ಅದರಲ್ಲಿ ಅಸೆಂಬ್ಲರ್ ಬೇಸಿಕ್‌ನ ಒಳಗೇ ಇದೆ. ಚೌಕ ಆವರಣದ ನಡುವೆ ಅಸೆಂಬ್ಲಿ ಬರೆದರೆ ಆಯಿತು. ಹಳೆಯ ಮ್ಯಾಕಿಂಟೋಷ್‌ಗಳ ಪಕ್ಕದಲ್ಲಿ ಎರಡು ಗುಂಡಿಗಳ ಪ್ಲಾಸ್ಟಿಕ್ ತುಣುಕು ಇರುತ್ತದೆ, ಒಂದು ರೀಸೆಟ್, ಇನ್ನೊಂದು ಇಂಟರಪ್ಟ್. ಎರಡನೆಯದನ್ನು ಒತ್ತಿದಾಗ ಖಾಲಿ ಚೌಕ ಬಂದರೆ ಅದು ಮ್ಯಾಕಿನ ಒಳಗೇ ಇರುವ ಡಿಬಗ್‌ನಂಥ ಮೈಕ್ರೋಬಗ್. ಅಲ್ಲಿ ‘ಎಸ್‌ಎಂ 0 ಎ9ಎಫ್4’, ಆಮೇಲೆ ‘ಜಿ 0’ ಕೊಟ್ಟರೆ ಸಿಕ್ಕಿಹಾಕಿಕೊಂಡ ಪ್ರೋಗ್ರಾಮಿನಿಂದ ಹೆಚ್ಚಿನ ಸಲ ಹೊರಬರಬಹುದು.

ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಓದಿದವರ ಮನೆಯಲ್ಲಿ 8085 ಪ್ರೊಸೆಸರಿನ ಕಲಿಕೆಯ ಕಿಟ್ ಸಿಕ್ಕರೆ ಅದಕ್ಕೆ ಪರದೆಯೂ ಇಲ್ಲ. ಇಂಟೆಲ್‌ನ ಎಸ್‌ಡಿಕೆ-85 ಮಾದರಿಯದಾದರೆ ಆರು ಕೆಂಪು ಅಂಕಿಗಳ ಫಲಕ ಮಾತ್ರ: ನಾಲ್ಕು ವಿಳಾಸಕ್ಕೆ, ಎರಡು ಮಾಹಿತಿಗೆ. ಮೆಮೊರಿ ತಿದ್ದುವ ಕೀಲಿ ಒತ್ತಿ, ವಿಳಾಸ ಕೊಟ್ಟು, ‘ನೆಕ್ಸ್ಟ್’ ಒತ್ತುತ್ತಾ ಒಂದೊಂದೇ ಬೈಟು ನೋಡಬಹುದು. ಅದರ ಮಾನಿಟರ್ ಎರಡು ಕಿಲೋಬೈಟಿನಲ್ಲಿ ಮುಗಿಯುತ್ತದೆ.

ಹಾರ್ಡ್‌ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಮಾತ್ರ ಇಲ್ಲಿ ಹೇಳಿದ ಯಾವುದನ್ನೂ ಅದರ ಮೇಲೆ ಪ್ರಯೋಗಿಸಬೇಡಿ. ಯಂತ್ರ ಆರಿಸಿ, ಡಿಸ್ಕನ್ನು ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ದತ್ತಾಂಶ ಹೊರತೆಗೆಯುವ ಕಸುಬಿನವರಿಗೆ ತಲುಪಿಸಿ.